ಬಾರಾಮತಿ ಆಡಿಯೋ ವಿವಾದದಿಂದ ಮನೆ ಸ್ಟುಡಿಯೋವರೆಗೆ: ನಿಮ್ಮ ದನಿ ನಿಮ್ಮದೇ ಎನ್ನಲು ಸಾಕ್ಷಿ ಏನಿದೆ?

2024ರ ನವೆಂಬರ್ 19ರ ರಾತ್ರಿ. ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯ ಮತದಾನಕ್ಕೆ ಕೆಲವೇ ಗಂಟೆಗಳು ಉಳಿದಿದ್ದವು. ಅಷ್ಟರಲ್ಲಿ ಕೆಲವು ಆಡಿಯೋ ಕ್ಲಿಪ್‌ಗಳು ಹೊರಬಿದ್ದವು. ಬಿಟ್‌ಕಾಯಿನ್ ಹಣವನ್ನು ಚುನಾವಣೆಗೆ ಬಳಸುವ ಬಗ್ಗೆ ಬಾರಾಮತಿ ಸಂಸದೆ ಸುಪ್ರಿಯಾ ಸುಳೆ ಮತ್ತು ಕಾಂಗ್ರೆಸ್ ನಾಯಕ ನಾನಾ ಪಟೋಲೆ ಮಾತನಾಡಿದ್ದಾರೆ ಎಂಬುದು ಆರೋಪ. ಬಿಜೆಪಿ ಈ ಕ್ಲಿಪ್‌ಗಳನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚಿಕೊಂಡಿತು. ಇಬ್ಬರೂ ಆರೋಪವನ್ನು ತಳ್ಳಿಹಾಕಿದರು. ಅದು ತಮ್ಮ ದನಿಯೇ ಅಲ್ಲ ಎಂದ ಸುಳೆ, ಚುನಾವಣಾ ಆಯೋಗಕ್ಕೂ ಸೈಬರ್ ಕ್ರೈಂ ವಿಭಾಗಕ್ಕೂ ದೂರು ಕೊಟ್ಟರು.

ಮರುದಿನ ಮತದಾನ. ಆಗ ಉಪಮುಖ್ಯಮಂತ್ರಿಯಾಗಿದ್ದ, ಬಾರಾಮತಿಯಿಂದಲೇ ಸ್ಪರ್ಧಿಸಿದ್ದ ಅಜಿತ್ ಪವಾರ್ ಅವರ ಮುಂದೆ ಪತ್ರಕರ್ತರು ಇದೇ ಪ್ರಶ್ನೆ ಇಟ್ಟರು. ಸುಳೆ ಅವರ ಚಿಕ್ಕಪ್ಪನ ಮಗಳು. ಪಟೋಲೆ ಜೊತೆಗೂ ಬಹಳ ವರ್ಷ ಕೆಲಸ ಮಾಡಿದ್ದರು. ಇಬ್ಬರ ದನಿಯ ಧಾಟಿಯೂ ತಮಗೆ ಗೊತ್ತು, ಕ್ಲಿಪ್‌ನಲ್ಲಿರುವುದು ಅವರದ್ದೇ ದನಿ, ತನಿಖೆ ಆಗಲಿ ಎಂದು ಅಜಿತ್ ಹೇಳಿದರು. ಅತ್ತ ಬೂಮ್ ಮುಂತಾದ ಫ್ಯಾಕ್ಟ್‌ಚೆಕ್ ಸಂಸ್ಥೆಗಳು ಕ್ಲಿಪ್‌ಗಳನ್ನು ಎಐ ಪತ್ತೆ ಸಾಧನಗಳಿಗೆ ಒಡ್ಡಿದವು. ಇವು ಕೃತಕವಾಗಿ ಸೃಷ್ಟಿಸಿದ ದನಿಗಳಾಗಿರುವ ಸಾಧ್ಯತೆ ಹೆಚ್ಚು ಎಂಬ ಫಲಿತಾಂಶ ಬಂತು.

ರಾಜಕೀಯವನ್ನು ಪಕ್ಕಕ್ಕಿಟ್ಟು ನೋಡಿದರೂ ಈ ಪ್ರಸಂಗ ಗಂಭೀರವಾದದ್ದೇ. ದನಿ ಯಾರದ್ದು ಎಂಬ ಒಂದು ಪ್ರಶ್ನೆಗೆ ಒಂದೇ ದಿನ ಮೂರು ಉತ್ತರ ಬಂದವು. ದನಿಯ ಒಡತಿ ‘ನನ್ನದಲ್ಲ’ ಎಂದರು. ಬಾಲ್ಯದಿಂದ ಆ ದನಿ ಕೇಳಿದ ಬಂಧು ‘ಅವಳದ್ದೇ’ ಎಂದರು. ಯಂತ್ರ ‘ಬಹುಶಃ ನಕಲಿ’ ಎಂದಿತು. ಕೇಳುಗರ ಕೈಯಲ್ಲಿದ್ದದ್ದು ಮೊಬೈಲ್‌ನಿಂದ ಮೊಬೈಲ್‌ಗೆ ಹಾರಿ ಬಂದ ಪ್ರತಿ ಮಾತ್ರ.

ಸಂಸದೆಯೊಬ್ಬರು ತಮ್ಮ ದನಿಯ ಬಗ್ಗೆ ರಾತ್ರೋರಾತ್ರಿ ದೂರು ಕೊಡಬಲ್ಲರು, ಸುದ್ದಿಗೋಷ್ಠಿ ಕರೆಯಬಲ್ಲರು. ಆದರೆ ಮನೆಯ ಕೋಣೆಯಲ್ಲಿ ಹಾಡಿ, ಓದಿ, ಡಬ್ ಮಾಡಿ ಹೊಟ್ಟೆ ಹೊರೆಯುವವರ ಗತಿ ಏನು? ಮನೆಯಲ್ಲೇ ಉತ್ತಮವಾಗಿ ದನಿ ಮುದ್ರಿಸುವುದು ಹೇಗೆ ಎಂಬುದು ಈವರೆಗೆ ಉಪಕರಣಗಳ ಮಾತಾಗಿತ್ತು. ಈಗ ಅದು ಸಾಕ್ಷ್ಯದ ಮಾತೂ ಹೌದು.

ಕೋಣೆಯೇ ಸ್ಟುಡಿಯೋ: ಇದು ಹೊಸದೇನಲ್ಲ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಶುರುವಾಗಿದ್ದೇ ಸ್ಟುಡಿಯೋ ಅಲ್ಲದ ಜಾಗದಲ್ಲಿ. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲೊಂದರಲ್ಲಿ ತಾತ್ಕಾಲಿಕ ವ್ಯವಸ್ಥೆ ಮಾಡಿಕೊಂಡು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಆಗ ವಿದ್ಯುತ್ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖವೊಡ್ಡಿ, ಸುಮಾರು ಮೂರು ನಿಮಿಷದಲ್ಲಿ ಹಾಡು ಮುಗಿಸಬೇಕಿತ್ತು. ಹಾಡಿನ ಕೊನೆಗೆ ಆಕೆ ತಮ್ಮ ಹೆಸರನ್ನು ಇಂಗ್ಲಿಷ್‌ನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದ್ದು ಎಂದು ಗುರುತಿಸಲು ಈ ಘೋಷಣೆ ನೆರವಾಗುತ್ತಿತ್ತು.

ದೇಶದ ಮೊದಲ ರೆಕಾರ್ಡಿಂಗ್ ತಾರೆ ಎನಿಸಿದ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ದನಿಯ ಜೊತೆಗೆ ದನಿಯ ಒಡೆತನವನ್ನೂ ದಾಖಲಿಸಬೇಕು ಎಂಬ ಅವರ ಅಭ್ಯಾಸ ನೂರಿಪ್ಪತ್ತು ವರ್ಷಗಳ ಬಳಿಕ ಮತ್ತೆ ಪ್ರಸ್ತುತವಾಗಿದೆ.

ನಡುವಿನ ದಶಕಗಳಲ್ಲಿ ಮುದ್ರಣ ದೊಡ್ಡ ಸ್ಟುಡಿಯೋಗಳ ಪಾಲಾಯಿತು. ಕಂಪ್ಯೂಟರ್ ಬಂದ ಮೇಲೆ ಮತ್ತೆ ಮನೆಗೆ ಮರಳಿತು. ಬಿಲ್ಲಿ ಐಲಿಶ್ ಅವರ 2019ರ ಚೊಚ್ಚಲ ಆಲ್ಬಂ ಲಾಸ್ ಏಂಜಲೀಸ್‌ನ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ ತಯಾರಾಗಿ, 2020ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಗೆದ್ದಿತು. ಅದೇ ವರ್ಷದ ಲಾಕ್‌ಡೌನ್ ನಮ್ಮಲ್ಲೂ ಗಾಯಕರು, ನಿರೂಪಕರು, ಡಬ್ಬಿಂಗ್ ಕಲಾವಿದರನ್ನು ಮನೆಯ ಮೂಲೆಗೆ ಕಳಿಸಿತು. ಕನ್ನಡ ಆಡಿಯೋ ಪುಸ್ತಕಗಳ ಆ್ಯಪ್‌ಗಳು, ಪಾಡ್‌ಕಾಸ್ಟ್‌ಗಳು, ಭಾವಗೀತೆಯ ಯೂಟ್ಯೂಬ್ ಚಾನೆಲ್‌ಗಳು ಬೆಳೆದಂತೆ ಆ ಮೂಲೆಯೇ ಕಾಯಂ ಕೆಲಸದ ಜಾಗವಾಯಿತು.

ಮೈಕ್‌ಗಿಂತ ಮೊದಲು ಗೋಡೆ

ಮನೆ ಸ್ಟುಡಿಯೋ ಎಂದ ಕೂಡಲೇ ಎಲ್ಲರೂ ಕೇಳುವುದು ಯಾವ ಮೈಕ್, ಎಷ್ಟು ಬೆಲೆ ಎಂದು. ಆದರೆ ಮುದ್ರಣ ಕೆಡುವುದು ಹೆಚ್ಚಾಗಿ ಕೋಣೆಯಿಂದ. ನಮ್ಮ ಮನೆಗಳಲ್ಲಿ ಸಿಮೆಂಟ್ ಗೋಡೆ, ಕಾಂಕ್ರೀಟ್ ತಾರಸಿ, ಟೈಲ್ಸ್ ಅಥವಾ ಗ್ರಾನೈಟ್ ನೆಲ. ಎಲ್ಲವೂ ಗಟ್ಟಿ, ಎಲ್ಲವೂ ನುಣುಪು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತು ಅಡಿಯ ಕೋಣೆಯಲ್ಲಿ ಅದು ಒಂದು ಸೆಕೆಂಡ್ ಕಳೆಯುವುದರೊಳಗೆ ಹತ್ತಾರು ಬಾರಿ ಗೋಡೆಯಿಂದ ಗೋಡೆಗೆ ಬಡಿದು ಮೈಕ್‌ಗೆ ಮರಳುತ್ತದೆ. ಬಚ್ಚಲುಮನೆಯಲ್ಲಿ ಹಾಡಿದಂತೆ ಕೇಳಿಸುವುದು ಇದೇ ಕಾರಣಕ್ಕೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು, ‘ಟ್ರ್‌ರ್’ ಎಂಬ ನಡುಕ ಕೇಳಿಸಿದರೆ ಆ ಕೋಣೆಗೆ ಚಿಕಿತ್ಸೆ ಬೇಕು.

ಚಿಕಿತ್ಸೆ ದುಬಾರಿಯೇನಲ್ಲ. ಬಟ್ಟೆ ತುಂಬಿದ ಬೀರು, ಪುಸ್ತಕದ ಕಪಾಟು, ಹಾಸಿಗೆ, ದಪ್ಪ ಪರದೆ, ಉತ್ತರ ಕರ್ನಾಟಕದ ಮನೆಗಳಲ್ಲಿ ಸಿಗುವ ಕೌದಿ ಇವೆಲ್ಲ ಶಬ್ದ ಹೀರುತ್ತವೆ. ಎಷ್ಟು ದಪ್ಪವೋ ಅಷ್ಟು ಪರಿಣಾಮ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವುದು ಹಳೆಯ ಭ್ರಮೆ. ಅದು ಹೊರಗಿನ ಆಟೋ ಸದ್ದನ್ನು ತಡೆಯುವುದಿಲ್ಲ, ಒಳಗಿನ ಗುಂಯ್‌ಗುಡುವಿಕೆಯನ್ನೂ ಹೀರುವುದಿಲ್ಲ.

ಕೌದಿಯನ್ನು ಎಲ್ಲಿ ತೂಗಬೇಕು ಎಂಬುದರಲ್ಲೂ ಹೆಚ್ಚಿನವರು ಎಡವುತ್ತಾರೆ. ಗಾಯನಕ್ಕೆ ಬಳಸುವ ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್ ಮುಂದಿನದ್ದನ್ನು ಚೆನ್ನಾಗಿ ಕೇಳುತ್ತದೆ, ಹಿಂದಿನದ್ದನ್ನು ಕಡಿಮೆ ಕೇಳುತ್ತದೆ. ಅದು ನೋಡುತ್ತಿರುವುದು ಗಾಯಕರ ಮುಖವನ್ನು ಮತ್ತು ಅವರ ಬೆನ್ನ ಹಿಂದಿನ ಗೋಡೆಯನ್ನು. ಹಾಗಾಗಿ ಹೊದಿಕೆ ಮೊದಲು ಬೇಕಿರುವುದು ಗಾಯಕರ ಬೆನ್ನ ಹಿಂದೆ.

ಒಂದು ಗೇಣಿನ ಲೆಕ್ಕ

ಬಾಯಿಗೂ ಮೈಕ್‌ಗೂ ನಡುವಿನ ಅಂತರ ಅರ್ಧವಾದರೆ ನೇರ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಅಂದರೆ ಹತ್ತಿರ ಬಂದಷ್ಟೂ ದನಿ ಮುಂದೆ, ಕೋಣೆ ಹಿಂದೆ. ಹಾಗೆಂದು ತುಟಿ ತಾಗಿಸಿದರೆ ಮಂದ್ರದ ಭಾಗ ಉಬ್ಬಿ ದನಿ ಮಂಕಾಗುತ್ತದೆ. ಸಾಮಾನ್ಯವಾಗಿ ಒಂದು ಗೇಣು ಅಥವಾ ಅದಕ್ಕಿಂತ ತುಸು ಕಡಿಮೆ ಅಂತರ ಸರಿಹೊಂದುತ್ತದೆ.

ಕನ್ನಡದ ಮಹಾಪ್ರಾಣಗಳು ಇಲ್ಲಿ ಪರೀಕ್ಷೆಯೊಡ್ಡುತ್ತವೆ. ‘ಫಲ’, ‘ಭಕ್ತಿ’ ಎಂದಾಗ ಬಾಯಿಂದ ಹೊರಡುವ ಗಾಳಿ ಮೈಕ್‌ನ ಪೊರೆಗೆ ನೇರ ಹೊಡೆದರೆ ‘ಧಬ್’ ಎಂಬ ಸದ್ದು ದಾಖಲಾಗುತ್ತದೆ. ಪಾಪ್ ಫಿಲ್ಟರ್ ಇಟ್ಟು, ಮೈಕ್ ಅನ್ನು ಬಾಯಿಗೆ ನೇರವಾಗಿಡದೆ ಕೊಂಚ ಓರೆಯಾಗಿ ಇಟ್ಟರೆ ಈ ತೊಂದರೆಯ ಜೊತೆ ‘ಸ’, ‘ಶ’, ‘ಷ’ಗಳ ಸೀಟಿಯೂ ತಗ್ಗುತ್ತದೆ.

ಇನ್ನು ಮಟ್ಟ. ದನಿಯ ಶಿಖರ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲುವಂತೆ ಇಟ್ಟರೆ ತಾರಸ್ಥಾಯಿಗೆ ಏರಿದಾಗಲೂ ದನಿ ಒಡೆಯುವುದಿಲ್ಲ. ಒಡೆದ ದನಿಯನ್ನು ಮತ್ತೆ ಸರಿಪಡಿಸುವುದು ಕಷ್ಟ, ಮೆಲ್ಲಗಿರುವುದನ್ನು ಏರಿಸುವುದು ಸುಲಭ. ಫ್ಯಾನ್, ಫ್ರಿಜ್ ಆಫ್ ಇರಬೇಕು. ಶ್ರುತಿ ಅಥವಾ ಟ್ರ್ಯಾಕ್ ಹೆಡ್‌ಫೋನ್‌ನಲ್ಲಿ ಮಾತ್ರ ಕೇಳಬೇಕು, ಸ್ಪೀಕರ್‌ನಲ್ಲಿ ಅಲ್ಲ. ಎಕೋ, ರಿವರ್ಬ್ ಯಾವುದನ್ನೂ ಮುದ್ರಿಸುವಾಗ ಸೇರಿಸಬಾರದು. ಬೇಕಾದರೆ ಆಮೇಲೆ ಸೇರಿಸಬಹುದು. ಒಮ್ಮೆ ದನಿಯೊಳಗೆ ಬೆರೆತದ್ದನ್ನು ತೆಗೆಯುವುದು ಹಾಲಿನಿಂದ ನೀರು ತೆಗೆದಂತೆ.

ಹೀಗೆ ಸಿಗುವುದನ್ನು ‘ಡ್ರೈ ವೋಕಲ್’ ಎನ್ನುತ್ತಾರೆ. ಉಸಿರು, ತುಟಿಯ ಸದ್ದು, ಪದಗಳ ನಡುವಿನ ಮೌನ ಎಲ್ಲವೂ ಅದರಲ್ಲಿ ಇದ್ದ ಹಾಗೇ ಇರುತ್ತವೆ. ಸಂಗೀತ ನಿರ್ದೇಶಕರು ಕೇಳುವುದು ಇದನ್ನೇ, ಆಡಿಯೋ ಪುಸ್ತಕದವರು ಬಯಸುವುದೂ ಇದನ್ನೇ.

ಒಳ್ಳೆಯ ಮುದ್ರಣವೇ ಒಳ್ಳೆಯ ಕಚ್ಚಾವಸ್ತು

ತೊಡಕು ಶುರುವಾಗುವುದು ಇಲ್ಲಿಂದ. ಗದ್ದಲವಿಲ್ಲದ, ಪ್ರತಿಧ್ವನಿಯಿಲ್ಲದ, ಒಬ್ಬರೇ ಮಾತನಾಡುವ ಫೈಲ್ ದನಿಯ ಎಐ ಮಾದರಿಗೂ ಅತ್ಯುತ್ತಮ ಆಹಾರ. ಮೈಕ್ರೋಸಾಫ್ಟ್ 2023ರ ಜನವರಿಯಲ್ಲಿ ಪ್ರಕಟಿಸಿದ ‘ವಾಲ್-ಇ’ ಸಂಶೋಧನೆ ಮೂರು ಸೆಕೆಂಡಿನ ಮಾದರಿಯಿಂದ ದನಿಯನ್ನು ಅನುಕರಿಸುವುದಾಗಿ ಹೇಳಿತು. ಓಪನ್‌ಎಐ 2024ರ ಮಾರ್ಚ್‌ನಲ್ಲಿ ಪರಿಚಯಿಸಿದ ‘ವಾಯ್ಸ್ ಎಂಜಿನ್’ಗೆ 15 ಸೆಕೆಂಡ್ ಸಾಕಿತ್ತು. ದುರ್ಬಳಕೆಯ ಭಯದಿಂದ ಅದನ್ನು ಎಲ್ಲರಿಗೂ ಬಿಡಲು ಕಂಪನಿಯೇ ಆಗ ಹಿಂಜರಿಯಿತು.

ದಕ್ಷಿಣದ ಚಿತ್ರರಂಗ ಇದರ ಎರಡೂ ಮುಖಗಳನ್ನು ನೋಡಿದೆ. ‘ಲಾಲ್ ಸಲಾಂ’ ಚಿತ್ರದ ಹಾಡಿಗೆ ಎ.ಆರ್. ರೆಹಮಾನ್ ದಿವಂಗತರಾದ ಬಂಬಾ ಬಾಕ್ಯ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಎಐ ಮೂಲಕ ಮರಳಿ ತಂದರು. ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿರುವುದಾಗಿ 2024ರ ಜನವರಿಯಲ್ಲಿ ತಿಳಿಸಿದರು. ಅದೇ ಹೊತ್ತಿಗೆ, ಕನ್ನಡಿಗರ ಎದೆಯಲ್ಲೂ ನೆಲೆಸಿರುವ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಅನುಮತಿಯಿಲ್ಲದೆ ಎಐ ಮೂಲಕ ಬಳಸಲಾಗಿದೆ ಎಂದು ಮಗ ಚರಣ್ ಅವರು ತೆಲುಗಿನ ‘ಕೀಡಾ ಕೋಲಾ’ ಚಿತ್ರತಂಡಕ್ಕೆ ಕಾನೂನು ನೋಟಿಸ್ ಕಳಿಸಿದರು.

ಹೆಸರಿಲ್ಲದವರ ಕಥೆಗೆ ಅಮೆರಿಕದ ಮೊಕದ್ದಮೆಯೊಂದು ಉದಾಹರಣೆ. ಆನ್‌ಲೈನ್‌ನಲ್ಲಿ ದನಿಯ ಕೆಲಸ ಮಾಡುತ್ತಿದ್ದ ಇಬ್ಬರು ಕಲಾವಿದರು ಸೀಮಿತ ಉದ್ದೇಶಕ್ಕೆಂದು ನಂಬಿ ಮುದ್ರಣಗಳನ್ನು ಮಾರಿದ್ದರು. ತಮ್ಮ ದನಿಯ ನಕಲನ್ನೇ ‘ಲೋವೋ’ ಎಂಬ ಕಂಪನಿ ಬೇರೆ ಹೆಸರಿನಲ್ಲಿ ಮಾರುತ್ತಿದೆ ಎಂದು ಆರೋಪಿಸಿ 2024ರಲ್ಲಿ ನ್ಯೂಯಾರ್ಕ್ ನ್ಯಾಯಾಲಯದ ಮೆಟ್ಟಿಲೇರಿದರು. 2025ರ ಜುಲೈನಲ್ಲಿ ನ್ಯಾಯಾಲಯ ಅವರ ಕೆಲವು ವಾದಗಳನ್ನು ಕೈಬಿಟ್ಟಿತು. ಒಪ್ಪಂದ ಉಲ್ಲಂಘನೆ ಸೇರಿದಂತೆ ಇನ್ನು ಕೆಲವು ವಾದಗಳಿಗೆ ಮುಂದುವರಿಯಲು ದಾರಿ ಬಿಟ್ಟಿತು. ಫೈಲ್ ಕಳಿಸುವ ಮುನ್ನ ಬರವಣಿಗೆಯಲ್ಲಿ ಏನಿತ್ತು ಎಂಬುದೂ ಅಲ್ಲಿ ಆಸರೆಯಾಯಿತು.

ಕಾನೂನು ಎಲ್ಲಿಯವರೆಗೆ ಕಾಯುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮನೆ ಸ್ಟುಡಿಯೋದವರಿಗೆ ಅನುಕೂಲವಾದ ಅಂಶವೊಂದಿದೆ. ಧ್ವನಿಮುದ್ರಣದ ಹಕ್ಕು ಮೊದಲು ಸೇರುವುದು ಅದರ ನಿರ್ಮಾಪಕರಿಗೆ, ಅಂದರೆ ಮುದ್ರಣದ ಉಪಕ್ರಮ ಮತ್ತು ಹೊಣೆ ಹೊತ್ತವರಿಗೆ. ದೊಡ್ಡ ಸ್ಟುಡಿಯೋದಲ್ಲಿ ಅದು ಸಾಮಾನ್ಯವಾಗಿ ಕಂಪನಿ. ತನ್ನ ಖರ್ಚಿನಲ್ಲಿ ತನಗಾಗಿ ಮನೆಯಲ್ಲಿ ಮುದ್ರಿಸಿದರೆ ಗಾಯಕಿಯೇ ನಿರ್ಮಾಪಕಿ. ಇದರ ಮೇಲೆ ಪ್ರದರ್ಶಕರ ಹಕ್ಕು ಬೇರೆ. 38ನೇ ಕಲಂ ಪ್ರಕಾರ ಅದರ ಅವಧಿ 50 ವರ್ಷ. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿರಬೇಕು, ಸಹಿ ಇರಬೇಕು ಎನ್ನುತ್ತದೆ 19ನೇ ಕಲಂ. ಒಪ್ಪಂದದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ ಕಾನೂನು ಭಾವಿಸುತ್ತದೆ. ‘ಜಗತ್ತಿನಾದ್ಯಂತ, ಎಂದೆಂದಿಗೂ, ಈಗಿರುವ ಮತ್ತು ಮುಂದೆ ಬರುವ ಎಲ್ಲ ತಂತ್ರಜ್ಞಾನಗಳಲ್ಲಿ’ ಎಂಬ ಸಾಲನ್ನು ಕಂಪನಿಗಳು ಒಪ್ಪಂದಕ್ಕೆ ಸೇರಿಸಲು ಇದೂ ಒಂದು ಕಾರಣ. ಆ ಸಾಲಿಗೆ ಓದದೆ ಸಹಿ ಹಾಕಿದವರು ಕಾಯ್ದೆ ಕೊಟ್ಟ ರಕ್ಷಣೆಯನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಆದರೆ ಈ ಕಾಯ್ದೆ ಕಾಯುವುದು ಮುದ್ರಿತವಾದ ಹಾಡನ್ನು. ದನಿಯ ಗುಣವನ್ನು ಕದ್ದು ಬೇರೊಂದು ಹಾಡು ಹಾಡಿಸಿದರೆ? ಆ ಜಾಗವನ್ನು ಸದ್ಯ ತುಂಬುತ್ತಿರುವುದು ನ್ಯಾಯಾಲಯಗಳು. 2024ರ ಜುಲೈನಲ್ಲಿ ಅರಿಜಿತ್ ಸಿಂಗ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಗಾಯಕರ ದನಿ ಅವರ ವ್ಯಕ್ತಿತ್ವ ಹಕ್ಕಿನ ಭಾಗ ಎಂದು ಹೇಳಿ, ಅನುಮತಿಯಿಲ್ಲದೆ ಎಐ ಸಾಧನಗಳಲ್ಲಿ ಅದನ್ನು ಬಳಸುವುದಕ್ಕೆ ಮಧ್ಯಂತರ ತಡೆ ನೀಡಿತು. 2025ರಲ್ಲಿ ಆಶಾ ಭೋಸ್ಲೆ ಅವರಿಗೂ ಅಂಥದೇ ರಕ್ಷಣೆ ಸಿಕ್ಕಿತು. ಇವರೆಲ್ಲ ಲೋಕ ಗುರುತಿಸುವ ದನಿಗಳು. ನೂರು ಆಡಿಯೋ ಪುಸ್ತಕ ಓದಿದರೂ ಹೆಸರು ಯಾರಿಗೂ ತಿಳಿಯದ ಓದುಗಾರ್ತಿ ‘ಇದು ನನ್ನ ದನಿ’ ಎಂದರೆ, ಅದನ್ನು ಸಾಬೀತು ಮಾಡುವ ಭಾರ ಆಕೆಯ ಮೇಲೇ ಬೀಳುತ್ತದೆ. ಅಮೆರಿಕದ ಟೆನೆಸ್ಸಿ ರಾಜ್ಯ 2024ರಲ್ಲಿ ದನಿಯ ರಕ್ಷಣೆಗೆಂದೇ ‘ಎಲ್ವಿಸ್ ಕಾಯ್ದೆ’ ತಂದಿದೆ. ಭಾರತದಲ್ಲಿ ಅಂಥ ಪ್ರತ್ಯೇಕ ಶಾಸನವಿಲ್ಲ.

ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಕರಡು ಹೊರಡಿಸಿ, 2026ರ ಫೆಬ್ರುವರಿಯಲ್ಲಿ ಜಾರಿಗೆ ತಂದ ಐಟಿ ನಿಯಮಗಳ ತಿದ್ದುಪಡಿ ಕೃತಕ ಆಡಿಯೋ, ವಿಡಿಯೋಗಳಿಗೆ ಗುರುತು ಹಾಕಬೇಕು ಎನ್ನುತ್ತದೆ. ಗದ್ದಲ ತಗ್ಗಿಸುವಂಥ ಮಾಮೂಲಿ ತಿದ್ದುಪಡಿಗೆ, ಮೂಲದ ಅರ್ಥ ಬದಲಾಗದಿದ್ದರೆ, ಈ ನಿಯಮ ಅನ್ವಯಿಸುವುದಿಲ್ಲ. ಗಡಿ ಕಾಗದದ ಮೇಲೆ ಸ್ಪಷ್ಟವಾಗಿದೆ. ಬಳಕೆಯಲ್ಲಿ ಅಷ್ಟು ಸ್ಪಷ್ಟವಿಲ್ಲ. ಒಂದೇ ಬಟನ್‌ನಲ್ಲಿ ‘ಸ್ಟುಡಿಯೋ ಗುಣಮಟ್ಟ’ ಕೊಡುವ ಕೆಲವು ಎಐ ಸಾಧನಗಳು ದನಿಯನ್ನು ತೊಳೆಯುವ ಬದಲು ಹೊಸದಾಗಿ ಕಟ್ಟುತ್ತವೆ. ಕೆಟ್ಟ ಕೋಣೆಯಲ್ಲಿ ಮುದ್ರಿಸಿದಷ್ಟೂ ಅಂಥ ಸಾಧನದ ಮೇಲಿನ ಅವಲಂಬನೆ ಹೆಚ್ಚು. ಕೌದಿ ತೂಗಿ ಚೆನ್ನಾಗಿ ಮುದ್ರಿಸಿದವರ ಕೈಯಲ್ಲಿ ಉಳಿಯುವುದು ಯಂತ್ರದ ಊಹೆ ಬೆರೆಯದ ಅಸಲಿ ದನಿ.

ಮೂಲ ಫೈಲ್ ಎಂಬ ದಾಖಲೆ

ವಿದ್ಯುನ್ಮಾನ ಸಾಕ್ಷ್ಯದ ಬಗ್ಗೆ ಸುಪ್ರೀಂ ಕೋರ್ಟ್‌ನ ಮಹತ್ವದ ತೀರ್ಪೂ ಮಹಾರಾಷ್ಟ್ರದ ಚುನಾವಣಾ ವ್ಯಾಜ್ಯದಿಂದಲೇ ಬಂದದ್ದು. 2020ರ ಜುಲೈನಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ನ್ಯಾಯಾಲಯ, ಪ್ರತಿಯನ್ನು ಹಾಜರುಪಡಿಸಿದರೆ ಪ್ರಮಾಣಪತ್ರ ಕಡ್ಡಾಯ, ಮೂಲ ಸಾಧನವನ್ನೇ ಅದರ ಒಡೆಯರು ಹಾಜರುಪಡಿಸಿದರೆ ಬೇಕಿಲ್ಲ ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿಯ ಪ್ರಮಾಣಪತ್ರದಲ್ಲಿ ಫೈಲ್‌ನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲ್‌ನ ಬೆರಳಚ್ಚು. ಒಂದು ಅಂಶ ಬದಲಾದರೂ ಅದು ಬದಲಾಗುತ್ತದೆ. ಅದನ್ನು ತೆಗೆಯಲು ಉಚಿತ ತಂತ್ರಾಂಶಗಳಿವೆ, ತಗಲುವುದು ಅರೆನಿಮಿಷ.

ಹಾಗಾಗಿ ಮನೆ ಸ್ಟುಡಿಯೋದ ಶಿಸ್ತಿಗೆ ಕೆಲವು ಅಭ್ಯಾಸಗಳು ಸೇರಬೇಕಿದೆ. ಪ್ರತಿ ಟೇಕ್ ಆರಂಭಿಸುವಾಗ ಹೆಸರು, ದಿನಾಂಕ, ಯಾವ ಕೆಲಸಕ್ಕಾಗಿ ಎಂಬುದನ್ನು ಬಾಯಲ್ಲೇ ಹೇಳಿ ಮುದ್ರಿಸುವುದು ಮೊದಲನೆಯದು. ಗೌಹರ್ ಜಾನ್ ಮಾಡಿದ್ದೂ ಅದನ್ನೇ. ಎಡಿಟ್ ಮಾಡುವ ಮುನ್ನ ಕಚ್ಚಾ ಫೈಲ್ ಅನ್ನು ವೇವ್ ರೂಪದಲ್ಲಿ ಬೇರೆಯಾಗಿ ಇಡುವುದು ಎರಡನೆಯದು. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ಲೆಕ್ಕದಲ್ಲಿ ನಿಮಿಷಕ್ಕೆ ಒಂಬತ್ತು ಎಂಬಿಗಿಂತ ಕಡಿಮೆ, ಗಂಟೆಗೆ ಸುಮಾರು 520 ಎಂಬಿ. ತಪ್ಪಿದ ಟೇಕ್‌ಗಳನ್ನೂ ಅಳಿಸಬಾರದು. ತೊದಲಿದ್ದು, ಕೆಮ್ಮಿದ್ದು, ಮತ್ತೆ ಹಾಡಿದ್ದು, ನಡುವೆ ಬಂದ ಕುಕ್ಕರ್ ಸೀಟಿ ಎಲ್ಲವೂ ಕೆಲಸ ನಡೆದದ್ದಕ್ಕೆ ಸಾಕ್ಷಿ. ನಕಲು ಮಾಡುವವರ ಬಳಿ ಸಿದ್ಧ ಹಾಡು ಇರಬಹುದು, ಅದಕ್ಕೆ ಮುಂಚಿನ ಹನ್ನೊಂದು ಸೋಲು ಇರುವುದಿಲ್ಲ.

ಮೂರನೆಯದು ಕಳಿಸುವ ಕ್ರಮ. ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ನೋಟ್ ಆಗಿ ಹೋದ ದನಿ ಕುಗ್ಗಿಸಿದ ರೂಪದಲ್ಲಿರುತ್ತದೆ, ಗುಣಮಟ್ಟವೂ ವಿವರವೂ ಕಳೆಯುತ್ತವೆ. ಡಾಕ್ಯುಮೆಂಟ್ ಆಗಿ ಅಥವಾ ಕ್ಲೌಡ್ ಕೊಂಡಿಯ ಮೂಲಕ ಕಳಿಸಿದರೆ ಫೈಲ್ ಇದ್ದಂತೆ ತಲುಪುತ್ತದೆ. ಆಡಿಷನ್‌ಗೆ ಪೂರ್ತಿ ಡ್ರೈ ವೋಕಲ್ ಕೊಡುವ ಬದಲು ಹಿನ್ನೆಲೆ ಸಂಗೀತ ಬೆರೆಸಿದ ತುಣುಕು ಸಾಕು. ನಾಲ್ಕನೆಯದು, ಎಐ ತರಬೇತಿಗೆ, ದನಿಯ ನಕಲು ತಯಾರಿಗೆ ಬಳಸುವಂತಿಲ್ಲ ಎಂಬ ಒಂದು ಸಾಲು ಇಮೇಲ್‌ನಲ್ಲಾದರೂ ಇರಬೇಕು. ಎಐ ತರಬೇತಿಗೇ ದನಿ ಮಾರುವುದಾದರೆ ಅದಕ್ಕೆ ಬೇರೆ ದರ, ಬೇರೆ ಒಪ್ಪಂದ.

ಇಷ್ಟೆಲ್ಲ ಮಾಡಿದರೂ ನಕಲು ತಪ್ಪಿಸಲು ಆಗದಿರಬಹುದು. ಆದರೆ ನಕಲು ಬಂದ ದಿನ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ. ಪತ್ತೆ ಸಾಧನಗಳು ಕೊಡುವುದು ಸಾಧ್ಯತೆಯ ಅಂದಾಜನ್ನು. ಹಲವು ಬಾರಿ ಫಾರ್ವರ್ಡ್ ಆಗಿ ಕುಗ್ಗಿದ ಕ್ಲಿಪ್‌ಗಳಲ್ಲಿ ಆ ಅಂದಾಜೂ ದುರ್ಬಲವಾಗುತ್ತದೆ. ಪರಿಚಿತ ಕಿವಿಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಬಾರಾಮತಿಯಲ್ಲೇ ಎದ್ದಿತ್ತು. ಒಂದೇ ಮನೆತನದಲ್ಲಿ, ಒಂದೇ ದನಿಯ ಬಗ್ಗೆ, ಒಬ್ಬರು ಹೌದೆಂದರು, ಒಬ್ಬರು ಅಲ್ಲವೆಂದರು.

ಅಂದು ಆ ವಾದವನ್ನು ಕೇಳಲು ಇಡೀ ರಾಜ್ಯವೇ ಕಾದಿತ್ತು. ಹುಬ್ಬಳ್ಳಿಯದ್ದೋ ಶಿವಮೊಗ್ಗದ್ದೋ ಕೋಣೆಯೊಂದರಲ್ಲಿ ಫ್ಯಾನ್ ಆರಿಸಿ, ಬೆವರೊರೆಸಿಕೊಂಡು ಹಾಡುವವರಿಗೆ ಅಂಥ ಕೇಳುಗರು ಸಿಗುವುದಿಲ್ಲ. ಅವರ ಪರವಾಗಿ ಮಾತನಾಡಬೇಕಾದದ್ದು ಅವರದೇ ಹಾರ್ಡ್ ಡಿಸ್ಕ್‌ನಲ್ಲಿರುವ ಆ ಮೊದಲ ಟೇಕ್.